ಸಾಕ್ಷಿಗುಡ್ಡೆ ಉಳಿಸಿದ ವರ್ಷ

ಹೋದ ತಿಂಗಳು ಮಳೆ ಹಿಡಿದು ನಾಲ್ಕು ದಿನವಾದ ಮೇಲೆ ನಮ್ಮ ಹಿಂದಿನ ಕೋಣೆಯ ನೆಲ ಮತ್ತೆ ಒಸರಿತು. ಶಾಲಿನಿ, ನೀನು ಟೈಲ್ಸಿನ ಸಂದಿಗೆ ಬೆರಳಿಟ್ಟು, "ಪೈಪ್ ಒಡೆದಿಲ್ಲ ಕಣಜ್ಜಿ, ನೀರು ಕೆಳಗಿಂದ ಬರ್ತಿದೆ" ಎಂದೆ. ಹರೀಶ ಮೋರಿ ಕಟ್ಟಿದವರನ್ನು ಬೈದ. ಗೋಣಿಚೀಲ ಹಾಸಲು ಬಗ್ಗಿದ ನಾನು ಹಾಗೆಯೇ ನಿಂತುಬಿಟ್ಟೆ. ಅದು ಹಸಿ ಹೂಳಿನ ವಾಸನೆ. ಕೊಳೆತ ಜೊಂಡು, ಕಪ್ಪೆಚಿಪ್ಪು, ಎಮ್ಮೆ ಮೈತೊಳೆದ ನೀರು ಎಲ್ಲ ಸೇರಿದಂಥದ್ದು. ಒಂದು ಇಡೀ ಬೇಸಿಗೆ ಆ ವಾಸನೆ ನನ್ನ ಸೀರೆಯ ನೆರಿಗೆಯಲ್ಲಿ ಇತ್ತು.

ಆ ವಾರವೇ ನೀವಿಬ್ಬರೂ ಬಂದು ಕೇಳಿದಿರಿ. ಪೇಟೆಕೆರೆಯಲ್ಲಿ ಉಳಿದಿರುವ ತುಂಡನ್ನಾದರೂ ಉಳಿಸಬೇಕೆಂದು ನಿಮ್ಮ ಗುಂಪು ಹೊರಟಿದೆ, ಭಾನುವಾರ ಮೀಟಿಂಗು, ಹಳೆಯ ಕಾಲದ ಕೆರೆ ಹೇಗಿತ್ತು ಅಂತ "ನಾಲ್ಕು ಮಾತು ಹೇಳಜ್ಜಿ ಸಾಕು" ಎಂದಿರಿ. ನಾನು ಆಗುವುದಿಲ್ಲ ಎಂದೆ. ಅಜ್ಜಿಗೆ ನಾಚಿಕೆ ಎಂದು ನಕ್ಕಿರಿ. ನಾಚಿಕೆ ನಿಜ. ನಾಲ್ಕು ಜನರ ಎದುರು ಬಾಯಿ ಬಿಡಲು ನನಗೆ ಈಗಲೂ ನಾಲಿಗೆ ಒಣಗುತ್ತದೆ. ಆದರೆ ಹೇಳದಿರುವುದಕ್ಕೆ ಬೇರೆ ಕಾರಣವೂ ಇದೆ. ಅದನ್ನು ಬರೆದೇ ಹೇಳಬೇಕು.

ನಾನು ಪೆರೇಸಂದ್ರದ ಹತ್ತಿರದ ಹಳ್ಳಿಯವಳು. ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದೆ. ಮದುವೆಯಾಗಿ ಈ ಪೇಟೆಗೆ ಬಂದಾಗ ನಮ್ಮ ಬೀದಿಯ ಹೆಂಗಸರಲ್ಲಿ ಅಕ್ಷರ ಗೊತ್ತಿದ್ದವಳು ನಾನೊಬ್ಬಳೇ. ನಿಮ್ಮ ತಾತ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತರು. ಬಾಡಿಗೆ ಮನೆ, ಒಂದೇ ಅಂಕಣ. ಮನೆ ಒಡತಿ ನನ್ನ ಬಿಂದಿಗೆ ಸದ್ದು ಕೇಳಿದರೆ ಸಾಕು, "ಬಾಡಿಗೇನ್ ಮನೆಗೆ ಕೊಡ್ತೀರೋ ಬಾವಿಗೆ ಕೊಡ್ತೀರೋ?" ಎಂದು ಕಿಟಕಿಯಿಂದ ಕೂಗುವಳು. ನಮಗೂ ಒಂದು ಸ್ವಂತ ಸೂರು ಬೇಕು ಎಂದು ನಾನು ನಿಮ್ಮ ತಾತನಿಗೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಹಿಂದಿನ ಓಣಿಯಲ್ಲಿ ಜೈನಾಬಿ ಇದ್ದಳು. ಅವಳ ಮನೆಯಲ್ಲಿ ರೇಷ್ಮೆ ಬಿಚ್ಚುವ ಕೆಲಸ. ಬಾಗಿಲಲ್ಲೇ ಒಲೆ, ಒಲೆಯ ಮೇಲೆ ತಾಮ್ರದ ಬೋಗುಣಿ, ಬೋಗುಣಿಯಲ್ಲಿ ಬೇಯುವ ಗೂಡು. ಗಂಡ ರಾಟೆ ತಿರುಗಿಸಿದರೆ ಇವಳು ಕುದಿನೀರಿಗೆ ಬೆರಳದ್ದಿ ಎಳೆ ಎತ್ತಿ ಕೊಡುವಳು. ನನ್ನ ವಯಸ್ಸಿನವಳೇ, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಓದು ಬಂದದ್ದಕ್ಕೆ ಕೊಟ್ಟ ಮರ್ಯಾದೆ ಅದು. ಗೂಡಿನ ಮಾರುಕಟ್ಟೆಯ ಚೀಟಿ, ಕಂದಾಯದ ನೋಟೀಸು, ಏನೇ ಬಂದರೂ ಬೆಂದ ಬೆರಳನ್ನು ಸೆರಗಿಗೆ ಒರೆಸಿಕೊಂಡು ತಂದು ನನ್ನ ಕೈಗಿಡುವಳು. ನಾನು ಓದಿದರೆ ಅದೇ ಸರಿ. ಇನ್ನೊಬ್ಬರ ಹತ್ತಿರ ತೋರಿಸಿ ಗಟ್ಟಿ ಮಾಡಿಕೊಳ್ಳುವ ಬುದ್ಧಿ ಅವಳಿಗೆ ಬರಲೇ ಇಲ್ಲ.

ಬಾವಿ ನೀರಿನಲ್ಲಿ ಗೂಡು ಬೇಯಿಸಿದರೆ ಎಳೆ ಒರಟಾಗುತ್ತದೆ, ಹೊಳಪು ಹೋಗುತ್ತದೆ. ಕೆರೆ ನೀರೇ ಆಗಬೇಕು. ಕೆರೆಯೋ, ಹೂಳು ತುಂಬಿ ತಟ್ಟೆಯಂತಾಗಿತ್ತು. ಶಿವರಾತ್ರಿ ಕಳೆದರೆ ಕೆಸರು. ಆ ವರ್ಷ ಜೈನಾಬಿ ಎರಡು ತಿಂಗಳು ರಾಟೆ ನಿಲ್ಲಿಸಿದಳು.

ಚೀನಾ ಯುದ್ಧಕ್ಕೆ ಹಿಂದಿನ ಬೇಸಿಗೆ ಅದು. ಪಂಚಾಯಿತಿ ಛೇರ್ಮನ್ನರು ಬೀದಿಬೀದಿಗೂ ಬಂದು, ಸರ್ಕಾರದ ದಾರಿ ಕಾಯುವುದು ಬೇಡ, ನಮ್ಮ ಕೆರೆಯ ಹೂಳನ್ನು ನಾವೇ ಎತ್ತೋಣ ಎಂದರು. ಬೀದಿಗೊಂದು ಪಾಲು ಗೆರೆ ಹಾಕಿಕೊಟ್ಟರು. ಹಿಪ್ಪುನೇರಳೆ ತೋಟದವರಿಗೆ ಹೂಳು ಬೇಕು, ಆದ್ದರಿಂದ ಗಾಡಿ ಅವರದು. ಅಗೆದು ತುಂಬುವ ಕೆಲಸ ಪೇಟೆಯವರದು. ಗಂಡಸರು ಮೂರು ದಿನ ಹುಮ್ಮಸ್ಸಿನಿಂದ ಬಂದರು. ನಾಲ್ಕನೆಯ ದಿನ ಅಂಗಡಿ, ಕಚೇರಿ, ಕೋರ್ಟು ಎಂದು ಕರಗಿದರು. ಉಳಿದವರು ಹೆಂಗಸರು.

ನಮ್ಮ ಬೀದಿಗೂ ಜೈನಾಬಿಯ ಓಣಿಗೂ ಸೇರಿ ಮೂಡಲ ಕಡೆಯ ಪಾಲು ಬಂದಿತ್ತು. ಬೆಳಿಗ್ಗೆ ಅಡಿಗೆ ಮುಗಿಸಿ ಇಳಿದರೆ ಬಿಸಿಲು ನೆತ್ತಿಗೇರುವವರೆಗೆ, ಮತ್ತೆ ಇಳಿಹೊತ್ತಿನಲ್ಲಿ. ನಾನು ಮೊದಲ ದಿನ ಸೆರಗು ಮುಖಕ್ಕೆಳೆದುಕೊಂಡು ಮಂಕರಿ ಹೊತ್ತವಳು. ಒಂದು ವಾರದಲ್ಲಿ ಸೆರಗು ಸೊಂಟಕ್ಕೆ ಬಂತು. ಅಷ್ಟು ಹೆಂಗಸರು ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಏನ್ರೀ ಗುಮಾಸ್ತರ ಮನೆಯೋರೆ, ಮಂಕರಿ ಹಿಂಗಾ ಹಿಡಿಯೋದು? ಪುಸ್ತಕ ಹಿಡ್ದಂಗೆ ಹಿಡ್ದಿದೀರ!" ಎಂದು ಒಬ್ಬಳು ಕೆಣಕಿದರೆ, "ಬಿಡಮ್ಮ, ಅಕ್ಕ ಹೂಳಲ್ಲಿ ಏನ್ ಬರ್ದೈತೆ ಅಂತ ಓದ್ತವ್ರೆ" ಎಂದು ಜೈನಾಬಿ ಕೂಗುವಳು.

ಕೆಲಸದ ಲೆಕ್ಕ ನೋಡುತ್ತಿದ್ದವನು ನೀರಗಂಟಿ ಪಿಳ್ಳಪ್ಪ. ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಅಗೆಯುವುದಕ್ಕೆ ಅವನದೊಂದು ಕ್ರಮವಿತ್ತು. ಪ್ರತಿ ಪಾಲಿನ ನಡುವೆ ಒಂದು ಮಂಚದಷ್ಟು ಜಾಗವನ್ನು ಮುಟ್ಟದೆ ಬಿಡಬೇಕು. ಸುತ್ತ ಅಗೆಯುತ್ತ ಹೋದಂತೆ ಅದು ಗುಡ್ಡೆಯಾಗಿ ನಿಲ್ಲುತ್ತದೆ. ಅದರ ತಲೆಯ ಮೇಲೆ ಹಳೆಯ ಹುಲ್ಲು ಹಾಗೇ ಇರಬೇಕು. ಮೊದಲು ನೆಲ ಎಲ್ಲಿತ್ತು, ಎಷ್ಟು ಆಳ ತೆಗೆದಿರಿ ಎನ್ನುವುದನ್ನು ಆ ಗುಡ್ಡೆ ಹೇಳುತ್ತದೆ. ಅದಕ್ಕೇ ಸಾಕ್ಷಿಗುಡ್ಡೆ ಎನ್ನುವುದು. ಕೊನೆಯಲ್ಲಿ ಬಿದಿರಿನ ಗಳ ಇಟ್ಟು ಅಳೆದು, ಗುಡ್ಡೆಯನ್ನೂ ಕಡಿದು ಹಾಕಿದರೆ ಕೆಲಸ ಮುಗಿದಂತೆ.

ನಮ್ಮ ಗುಡ್ಡೆ ಎಲ್ಲಕ್ಕಿಂತ ಎತ್ತರವಾಯಿತು. ಎಂದರೆ ನಮ್ಮ ಗುಂಡಿ ಎಲ್ಲಕ್ಕಿಂತ ಆಳ. ಆಳೆತ್ತರಕ್ಕೂ ಮೇಲೆ ಎರಡು ಗೇಣು. ಅದರ ನೆರಳಲ್ಲಿ ಕೂಸುಗಳನ್ನು ಮಲಗಿಸುತ್ತಿದ್ದೆವು, ನೀರಿನ ಮಡಕೆ ಇಡುತ್ತಿದ್ದೆವು. ಅದರ ನೆತ್ತಿಯ ಮೇಲೆ ಯಾವ ಹಕ್ಕಿ ತಂದು ಹಾಕಿತ್ತೋ, ಒಂದು ಹೊಂಗೆ ಸಸಿ ಎರಡೆಲೆ ಬಿಟ್ಟಿತ್ತು. ಪಿಳ್ಳಪ್ಪ ಅಳತೆ ಮುಗಿಸಿ ಕಡಿಯಲು ಗುದ್ದಲಿ ಎತ್ತಿದಾಗ ಜೈನಾಬಿ ಅಡ್ಡ ನಿಂತಳು.

"ತಾತಾ, ಬಿಟ್ಬಿಡು. ನಾವು ಎಷ್ಟು ಅಗೆದ್ವಿ ಅಂತ ನಮ್ಮ ಮಕ್ಳು ನೋಡ್ಲಿ."

"ಏಮಮ್ಮಾ, ಗುಡ್ಡೆ ಬಿಟ್ರೆ ಕೆಲಸ ಅರ್ಧಕ್ಕೆ ನಿಂತಂಗೆ ಲೆಕ್ಕ. ನಮ್ಮಪ್ಪ ಯಾವತ್ತೂ ಬಿಟ್ಟೋನಲ್ಲ. ಕೆರೆ ಒಳಗೆ ನೆಲ ತಲೆ ಎತ್ಕೊಂಡಿರಬಾರ್ದು ಕಣಮ್ಮ."

"ನೀರು ತುಂಬ್ಲಿ ನೋಡು ತಾತ, ದೇವರ ಪೀಠ ಇದ್ದಂಗೆ ಕಾಣ್ತದೆ" ಎಂದು ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ಗುಡ್ಡೆಯ ಸುತ್ತ ಕೂತುಬಿಟ್ಟೆವು. ಪಿಳ್ಳಪ್ಪ ಗುದ್ದಲಿ ಹೆಗಲಿಗೆ ಹಾಕಿ, "ನನ್ ಮಾತು ಕೇಳಲ್ಲ ನೀವು" ಎಂದು ಏರಿ ಹತ್ತಿ ಹೋದ. ಆ ವಯಸ್ಸಾದವನ ಮಾತು ಎಷ್ಟು ಸರಿಯಿತ್ತು ಎಂದು ತಿಳಿಯಲು ನಮಗೆ ಒಂಬತ್ತು ತಿಂಗಳು ಬೇಕಾಯಿತು.

ಸಂಜೆ ಊಟಕ್ಕೆ ಕೂತಾಗ ನಿಮ್ಮ ತಾತನಿಗೆ ಈ ವಿಷಯ ಹೇಳಿದೆ. ಅವರು ತುತ್ತು ನಿಲ್ಲಿಸಿ ಕೇಳಿದರು. "ಹಂಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ. ಗುಡ್ಡೆ ಉಳಿಸಿ ಅಂತ ಬರೆದು ಕೊಡಬೇಕು. ಎಲ್ಲರೂ ಹೆಬ್ಬೆಟ್ಟು ಒತ್ತಲಿ. ನಾನು ಬರೆದುಕೊಡ್ತೀನಿ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಅವರಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.

ಎರಡು ದಿನ ಬಿಟ್ಟು ಅವರು ಎರಡು ಹಾಳೆ ತಂದರು. ಛೇರ್ಮನ್ನರೂ ಇನ್ನು ನಾಲ್ಕೈದು ಗಂಡಸರೂ ಕೆರೆಯಂಗಳಕ್ಕೆ ಬಂದರು. ಹೆಂಗಸರೆಲ್ಲ ಗುಡ್ಡೆಯ ನೆರಳಿಗೆ ಸೇರಿದೆವು. "ನಿಮ್ಮ ಮನೆಯವರೇ ಓದಲಿ. ಹೆಂಗಸರಿಗೆ ಹೆಂಗಸರು ಓದಿದ್ರೆ ನಂಬಿಕೆ" ಎಂದು ಛೇರ್ಮನ್ನರು ನಿಮ್ಮ ತಾತನಿಗೆ ಹೇಳಿದರು.

ಮೊದಲನೆಯ ಹಾಳೆ ನಿಮ್ಮ ತಾತನ ದುಂಡು ಅಕ್ಷರ. ನಾನು ಎದ್ದು ನಿಂತು ಓದಿದೆ. ಅಷ್ಟು ಜನರ ಎದುರು ಓದಿದ್ದು ಅದೇ ಮೊದಲು. ಪೇಟೆಯ ಹೆಂಗಸರು ತಮ್ಮ ಕೈಯಿಂದ ಹೂಳೆತ್ತಿದ್ದಾರೆ, ಅದರ ಗುರುತಾಗಿ ಮೂಡಲ ಪಾಲಿನ ಸಾಕ್ಷಿಗುಡ್ಡೆಯನ್ನು ಉಳಿಸಿಕೊಡಬೇಕೆಂದು ಪ್ರಾರ್ಥನೆ. ಒಂದಕ್ಷರವೂ ತಪ್ಪಲಿಲ್ಲ. ಹೆಂಗಸರು ಹೋ ಎಂದರು. ಜೈನಾಬಿ ನನ್ನ ಗಲ್ಲ ಹಿಡಿದು ನೆಟಿಗೆ ತೆಗೆದಳು.

ಎರಡನೆಯ ಹಾಳೆ ತಿರುವಿದೆ. ಬೇರೆ ಯಾರದೋ ಕೈಬರಹ, ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ. "ಸದರಿ" ಎಂದು ಶುರುವಾಗಿತ್ತು. ನಿಮ್ಮ ತಾತ ನನ್ನ ಪಕ್ಕದಲ್ಲೇ ಮಸಿಯ ಡಬ್ಬಿ ಹಿಡಿದು ನಿಂತಿದ್ದರು. ಮೆಲ್ಲಗೆ, "ಅದು ಕಚೇರಿ ಭಾಷೆ. ಓದ್ತಾ ಕೂತ್ರೆ ಸಂಜೆಯಾಗುತ್ತೆ. ಇದೂ ಅದೇ" ಎಂದರು.

ಜೈನಾಬಿ ಕೇಳಿದಳು: "ಎರಡನೇದ್ರಲ್ಲಿ ಏನೈತೆ ಅಕ್ಕಾ?"

ಮಕ್ಕಳೇ, ಆ ಹೊತ್ತು ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮ್ಮ ತಾತನ ಮೇಲೆ ಅನುಮಾನ ಬರಲಿಲ್ಲ. ಆ ಕಷ್ಟದ ಮಾತುಗಳಲ್ಲಿ ನಾನು ಎಡವಿದರೆ ಗಂಡಸರು ನಗುತ್ತಾರೆ ಎಂಬ ಭಯವೊಂದೇ. ಈಗತಾನೆ ಎಲ್ಲರೂ ಹೊಗಳಿದ್ದರು, ಅದು ಕೆಡುವುದು ಬೇಡ ಅನ್ನಿಸಿತು.

"ಇದೂ ಅದೇ ಕಣಮ್ಮ" ಎಂದೆ.

ಅಷ್ಟೇ. ಮೇಲೆ ನಾನು ಸಹಿ ಹಾಕಿದೆ. ಕೆಳಗೆ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಜೈನಾಬಿಯ ಬೆರಳು ಕುದಿನೀರಿನಲ್ಲಿ ಸವೆದು ಗೆರೆಯೇ ಮೂಡದೆ, "ಇನ್ನೊಂದ್ಸಲ ಒತ್ತಮ್ಮ" ಎಂದು ಎರಡು ಸಲ ಒತ್ತಿಸಿದರು.

ಆ ಸಲ ಮಳೆ ನಮ್ಮ ಮೇಲೆ ಕರುಣೆಯಿಟ್ಟೇ ಬಂದಿತು. ದಸರೆಯ ಹೊತ್ತಿಗೆ ಕೋಡಿ ಬಿತ್ತು. ನಾನು ಮದುವೆಯಾಗಿ ಬಂದ ಮೇಲೆ ಕೋಡಿ ಹರಿದದ್ದನ್ನು ನೋಡಿದ್ದು ಅದೇ ಮೊದಲು. ಪೇಟೆಗೆ ಪೇಟೆಯೇ ಏರಿಯ ಮೇಲೆ ನಿಂತಿತ್ತು. ತಮಟೆಯವರು ಬಂದರು, ಬಾಗಿನ ಬಿಟ್ಟರು. ನೀರಿನ ನಡುವೆ ನಮ್ಮ ಗುಡ್ಡೆ ಒಂದು ಗೇಣು ಮಾತ್ರ ಕಾಣುತ್ತ, ಅದರ ಮೇಲೆ ಹೊಂಗೆ ಸಸಿ ಮೊಣಕಾಲುದ್ದ ಬೆಳೆದು ಗಾಳಿಗೆ ಆಡುತ್ತಿತ್ತು. "ಅದು ನಮ್ದು" ಎಂದು ಪ್ರತಿಯೊಬ್ಬಳೂ ತನ್ನ ಮಕ್ಕಳಿಗೆ ತೋರಿಸುವಳು. ನಿಮ್ಮ ಅಪ್ಪ ಆಗ ನನ್ನ ಕಂಕುಳಲ್ಲಿದ್ದ.

ಜೈನಾಬಿಯ ಓಣಿಯಲ್ಲಿ ರಾಟೆ ನಿಲ್ಲಲೇ ಇಲ್ಲ. ಒಂದು ಮಧ್ಯಾಹ್ನ ಅವಳು ಒಂದು ಲಡಿ ರೇಷ್ಮೆ ತಂದು ನನ್ನ ಅಂಗೈ ಮೇಲೆ ಇಟ್ಟಳು. "ಮುಟ್ಟಿ ನೋಡಿ ಅಕ್ಕ. ಹೂಳು ಹೊತ್ತಿದ್ದು ಎಲ್ಲಿ ಹೋಯ್ತು ಅಂದ್ರೆ ಇಲ್ಲೈತೆ ನೋಡಿ" ಎಂದಳು. ಬೆಣ್ಣೆಯ ಬಣ್ಣ, ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ನಯ.

ಸಂಕ್ರಾಂತಿ ಕಳೆದು ನೀರು ಸ್ವಲ್ಪ ಇಳಿದಾಗ ಗುಡ್ಡೆಯ ಸುತ್ತ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಬಂದವು. ಸರಪಳಿ ಹಿಡಿದವರು ಬಂದರು. ಆಮೇಲೆ ಮೂಡಲ ಕಡೆ ಒಂದು ಒಡ್ಡು ಎದ್ದು, ಒಳಗಿನ ನೀರನ್ನು ಹೊರಗೆ ಬಿಟ್ಟರು. ಒಂದು ಬೆಳಿಗ್ಗೆ ಗಾಡಿಗಳ ಸಾಲು. ಬೇಸಿಗೆಯಲ್ಲಿ ನಮ್ಮ ಹೂಳು ಹೊತ್ತುಹೋದ ಗಾಡಿಗಳೇ. ಎತ್ತುಗಳ ಗುರುತು ಕೂಡ ನನಗೆ ಸಿಕ್ಕಿತು. ಅವು ಮಣ್ಣು ತುಂಬಿಕೊಂಡು ಬಂದು ನಾವು ಅಗೆದ ಗುಂಡಿಗೆ ಸುರಿಯುತ್ತಿದ್ದವು.

ಹೆಂಗಸರೆಲ್ಲ ಪಂಚಾಯಿತಿ ಕಚೇರಿಗೆ ಹೋದೆವು. ನಾನೂ ಹೋದೆ, ಎಲ್ಲರಿಗಿಂತ ಮುಂದೆ. ಆ ಧೈರ್ಯ ಎಲ್ಲಿಂದ ಬಂತೋ. ನಿಮ್ಮ ತಾತ ಅಂದು ಕೆಲಸದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಛೇರ್ಮನ್ನರು ಕೋಪಿಸಿಕೊಳ್ಳಲಿಲ್ಲ. ಎಲ್ಲರಿಗೂ ಕೂತುಕೊಳ್ಳಲು ಹೇಳಿದರು.

"ನೀವೇ ಒಪ್ಪಿ ಕೊಟ್ಟಿದೀರಲ್ರಮ್ಮ. ಮೇಲೆ ಗುಮಾಸ್ತರ ಮನೆಯವರ ಸಹಿನೇ ಇದೆ" ಎಂದು ಆ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟರು.

"ಈಗ ಓದ್ರಿ ಅಕ್ಕ" ಎಂದಳು ಜೈನಾಬಿ.

ಓದಿದೆ. ಸದರಿ ಗುಡ್ಡೆಯೂ ಅದರ ಮೂಡಲಿಗಿರುವ ಜಾಗವೂ ನೀರು ನಿಲ್ಲದ ದಿಣ್ಣೆಯಾಗಿದ್ದು, ಕೆರೆಗೆ ಉಪಯೋಗವಿಲ್ಲದ ಕಾರಣ, ಅದನ್ನು ಊರಿನ ಅನುಕೂಲಕ್ಕೆ ನಿವೇಶನಗಳಾಗಿ ಮಾಡಿಕೊಳ್ಳಲು ಕೆಳಗೆ ಹೆಬ್ಬೆಟ್ಟು ಒತ್ತಿದ ನಮ್ಮದೇನೂ ತಕರಾರು ಇರುವುದಿಲ್ಲ. ಒಂದಕ್ಷರದಲ್ಲೂ ಎಡವಲಿಲ್ಲ. ಅಂಥ ಕಷ್ಟದ ಭಾಷೆಯೇನೂ ಆಗಿರಲಿಲ್ಲ ಅದು. ಅವತ್ತು ಓದಿದ್ದರೂ ಎಡವುತ್ತಿರಲಿಲ್ಲ.

"ನೆಲ ಅಲ್ದೆ ಇದ್ರೆ ಗುಡ್ಡೆ ಮೇಲೆ ಹೊಂಗೆ ಹೆಂಗೆ ಬೆಳೀತಮ್ಮ?" ಎಂದರು ಛೇರ್ಮನ್ನರು ನಗುತ್ತ. "ಅಳೆಯೋಕೆ ಬಂದೋರೂ ಅದನ್ನೇ ನೋಡಿ ದಿಣ್ಣೆ ಅಂತ ಬರ್ಕೊಂಡ್ರು."

ಹಿಂದಿನಿಂದ ಒಬ್ಬಳು, "ಗಂಡ ಹೆಂಡ್ತಿ ಸೇರಿ ಚೆನ್ನಾಗಿ ಓದಿದ್ರು" ಎಂದಳು. ಜೈನಾಬಿ ಅವಳನ್ನು ಸುಮ್ಮನಿರಿಸಿದಳು. ಆಮೇಲೆ ನನ್ನನ್ನೇ ನೋಡುತ್ತ, ಬೈಗುಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಳು: "ಅವತ್ತು ಓದಿದ್ರಾ ಅಕ್ಕ ನೀವು? ಓದಿ ಹೇಳಿದ್ರಾ, ಓದ್ದೇ ಹೇಳಿದ್ರಾ?"

ಓದಿ ಹೇಳಿದೆ ಎಂದರೆ ನಾನು ಮೋಸಗಾತಿ. ಓದದೆ ಹೇಳಿದೆ ಎಂದರೆ ಅವಳು ಇಷ್ಟು ವರ್ಷ ನನ್ನ ಕೈಗಿಟ್ಟ ಕಾಗದಗಳಿಗೆಲ್ಲ ಏನು ಬೆಲೆ? ನಾನು ಆ ಎರಡು ಹಾಳೆಗಳನ್ನು ಮಡಿಚಿ ಛೇರ್ಮನ್ನರ ಕಡೆ ಸರಿಸಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸಂಜೆ ನಿಮ್ಮ ತಾತ ಬಂದರು. ಕಾಲು ತೊಳೆಯಲು ನೀರು ಕೊಟ್ಟು ಕೇಳಿದೆ: "ಎರಡನೇ ಹಾಳೇಲಿ ಏನಿತ್ತು ಅಂತ ನಿಮಗೆ ಗೊತ್ತಿತ್ತಾ?"

ಅವರು ಕಾಲು ತೊಳೆದು ಮುಗಿಸಿದರು. "ಓದಿದ್ದು ನೀನು ತಾನೆ" ಎಂದರು. ಟವೆಲಿನಿಂದ ಮುಖ ಒರೆಸಿಕೊಂಡ ಮೇಲೆ, "ಸ್ವಂತ ಮನೆ ಬೇಕು ಅಂತ ದಿನಾ ನನ್ನ ಪ್ರಾಣ ತಿಂದಿದ್ದು ಯಾರು?" ಎಂದರು.

ಆಗ ತಿಳಿಯಿತು. ಮೊದಲ ಸಾಲಿನ ನಿವೇಶನ ನಮ್ಮದು. ಗುಡ್ಡೆ ನಮ್ಮ ಹಿತ್ತಲಿಗೆ ಬಂದಿತ್ತು.

ನಿಮ್ಮ ತಾತ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಂಗೆಯ ಕೊಂಬೆಗೆ ಉಯ್ಯಾಲೆ ಕಟ್ಟಿಕೊಟ್ಟವರು. ನಿಮಗೆ ಅವರು ಒಳ್ಳೆಯ ತಾತನೇ. ನನಗೂ ಕೈಯೆತ್ತಿದವರಲ್ಲ, ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ಅಂದಿನಿಂದ ಅವರು ಓದಲು ಕೊಟ್ಟ ಯಾವ ಕಾಗದವನ್ನೂ ನಾನು ಮುಟ್ಟಲಿಲ್ಲ. ಅವರು ಗಮನಿಸಿದರೋ ಇಲ್ಲವೋ, ಕೇಳಲಿಲ್ಲ. ನಾನು ಅದನ್ನು ಜಗಳವಾಗಿ ಆಡಲೂ ಇಲ್ಲ. ಮನೆ ಕಟ್ಟುವಾಗ ಗೋಡೆಗೆ ನೀರು ಹಾಕಿದ್ದು ನಾನೇ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ್ದೂ ನಾನೇ. ನಮ್ಮ ಹಳೆಯ ಬೀದಿಯಿಂದ ಒಬ್ಬ ಹೆಂಗಸೂ ಬರಲಿಲ್ಲ. ಎಲೆ ಹಾಕಿದ ಎರಡು ಸಾಲು ಹಾಗೇ ಖಾಲಿ ಉಳಿದವು.

ಜೈನಾಬಿ ಎದುರು ಸಿಕ್ಕರೆ, "ಚೆನ್ನಾಗಿದೀರಾ ಅಕ್ಕ" ಎನ್ನುವುದನ್ನು ಬಿಡಲಿಲ್ಲ. ಆದರೆ ನೋಟೀಸು ಬಂದರೆ ನಮ್ಮ ಬಾಗಿಲು ದಾಟಿಕೊಂಡು ಅಂಚೆ ಕಚೇರಿಯ ಕಟ್ಟೆಗೆ ಹೋಗುವಳು. ಅಲ್ಲಿ ಓದು ಬಂದ ಯಾರಾದರೂ ಗಂಡಸು ಸಿಗುವವರೆಗೆ ಕಾಗದ ಹಿಡಿದು ಬಿಸಿಲಲ್ಲಿ ಕೂತಿರುವಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ನನ್ನನ್ನು ಬೈದಿದ್ದರೆ ಒಂದು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದೆನೇನೋ.

ಅರ್ಧ ಕೆರೆಯಲ್ಲಿ ನೀರು ಹೆಚ್ಚು ದಿನ ನಿಲ್ಲಲಿಲ್ಲ. ಎರಡು ವರ್ಷ ಬಾವಿ ನೀರಿನಲ್ಲಿ ಏಗಿ, ಅವರು ಶಿಡ್ಲಘಟ್ಟಕ್ಕೆ ಹೊರಟರು. ಸಾಮಾನು ತುಂಬಿದ ಗಾಡಿ ನಮ್ಮ ಹೊಸ ಮನೆಯ ಮುಂದೆಯೇ ಹೋಗಬೇಕಿತ್ತು. ಮೇಲುಗಡೆ ತಾಮ್ರದ ಬೋಗುಣಿ ಬೋರಲು ಹಾಕಿ ಕಟ್ಟಿದ್ದರು. ಜೈನಾಬಿ ಗಾಡಿಯ ಹಿಂದೆ ನಡೆದು ಬರುತ್ತಿದ್ದಳು. ನಾನು ಬಾಗಿಲಿಗೆ ಬಂದೆ. ಅವಳು ನಿಂತಳು. ಗೋಡೆಯ ಆಚೆ ಕಾಣುತ್ತಿದ್ದ ಹೊಂಗೆಯನ್ನು ನೋಡಿದಳು. ಅದರ ಎಲೆ ಬಾಡಿತ್ತು.

"ಗಿಡಕ್ಕೆ ನೀರ್ ಹಾಕ್ತಿರಿ ಅಕ್ಕ. ಇಲ್ಲಾಂದ್ರೆ ಬೇಸಿಗೇಲಿ ಒಣಗೋಗ್ತದೆ" ಎಂದಳು.

ಅದೇ ಕೊನೆ. ಮತ್ತೆ ಅವಳನ್ನು ನಾನು ನೋಡಲಿಲ್ಲ. ಕೆರೆಯ ನಡುವೆ ಹುಟ್ಟಿದ ಗಿಡಕ್ಕೆ ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆ.

ಹಿತ್ತಲಿನ ಮರದ ಬುಡ ಮಾತ್ರ ಯಾಕೆ ಮೊಣಕಾಲೆತ್ತರ ಇದೆ ಎಂದು ಚಿಕ್ಕವರಿದ್ದಾಗ ನೀವು ಕೇಳುತ್ತಿದ್ದಿರಿ. ಇರುವೆಗಳು ಕಟ್ಟಿದ್ದು ಎಂದು ಹೇಳಿದ್ದೆ. ಅದು ಸುಳ್ಳು. ಅದು ಸಾಕ್ಷಿಗುಡ್ಡೆಯ ತಲೆ. ಮಿಕ್ಕ ಎತ್ತರವೆಲ್ಲ ನಮ್ಮ ಮನೆಯ ಕೆಳಗೆ ತುಂಬಿದ ಮಣ್ಣಿನಲ್ಲಿ ಹೂತಿದೆ. ಹಿಂದಿನ ಕೋಣೆ ಯಾಕೆ ಒಸರುತ್ತದೆ ಎಂದು ಈಗ ನಿಮಗೇ ಗೊತ್ತು. ಮೋರಿಯವರನ್ನು ಬೈಯಬೇಡ ಹರೀಶ.

ಶಾಲಿನಿ ತಂದಿಟ್ಟಿರುವ ಅರ್ಜಿಯಲ್ಲಿ ಮೂರು ಹಾಳೆಗಳಿವೆ. ಮೊದಲ ಸಹಿ ಅಜ್ಜಿಯದೇ ಆಗಬೇಕು ಎಂದು ಪೆನ್ನನ್ನೂ ಜೊತೆಗಿಟ್ಟು ಹೋಗಿದ್ದಾಳೆ. ಮೂರನ್ನೂ ಎರಡೆರಡು ಸಲ ಓದಿದೆ. ಅದರಲ್ಲಿ ಯಾರು ಯಾರು ಕೆರೆ ನುಂಗಿದ್ದಾರೆ ಎಂಬ ಪಟ್ಟಿಯಿದೆ. ಬಸ್ಸು ನಿಲ್ದಾಣದ ಹಿಂದಿನ ಅಂಗಡಿಗಳು ಇವೆ, ಕಲ್ಯಾಣ ಮಂಟಪ ಇದೆ. ನಮ್ಮ ಸಾಲಿನ ಮನೆಗಳು ಇಲ್ಲ. ನಿಮಗೆ ಗೊತ್ತಿರಲಿಲ್ಲ, ಆದ್ದರಿಂದ ಇಲ್ಲ. ಈಗ ಗೊತ್ತಾಯಿತು. ಸೇರಿಸಿ ತನ್ನಿ, ಸಹಿ ಹಾಕುತ್ತೇನೆ.

ಭಾನುವಾರ ಮೀಟಿಂಗಿಗೂ ಬರುತ್ತೇನೆ. ಮಾತಾಡುವುದಿಲ್ಲ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಾನು ಬರೆದ ಇದನ್ನೂ ಅರ್ಜಿಯನ್ನೂ ನಿಮ್ಮಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ನಿಧಾನವಾಗಿ ಓದಿ, ಎಡವಿದರೆ ಎಡವಿ. ಆದರೆ ನಡುವೆ ಯಾರಾದರೂ ಹಾಳೆ ಮಗುಚಿ "ಇದೂ ಅದೇ" ಎಂದರೆ, ಅಲ್ಲಿಂದಲೇ ಎದ್ದು ನಿಲ್ಲುತ್ತೇನೆ.